ಟ್ಯಾಬಾ, ಟಿವಿನಾ, ಅಮ್ಮನ ಫೋನಾ? ಚಿಕ್ಕ ಮಕ್ಕಳಿರೋ ಮನೇಲಿ ಯಾವ ಸ್ಕ್ರೀನ್ ಇಟ್ಕೊಳ್ಳೋದು

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ತುಮಕೂರಲ್ಲಿರೋ ನಮ್ಮಕ್ಕ "ಇವಳು ನನ್ನ ಫೋನ್ ಬಿಡ್ತಾನೇ ಇಲ್ಲ ಕಣೆ, ಅವಳಿಗೇ ಅಂತ ಒಂದು ಟ್ಯಾಬ್ ಕೊಡಿಸಿಬಿಡ್ಲಾ" ಅಂದ್ಲು. ಆಫೀಸಲ್ಲಿ ನನ್ನ ಪಕ್ಕ ಕೂರೋ ಹುಡುಗ, ಎರಡೂವರೆ ವರ್ಷದ ಮಗುವಿನ ಅಪ್ಪ, ಮನೇಲಿ ಕೇಬಲ್ಲೇ ತೆಗೆಸಿಬಿಟ್ಟಿದೀನಿ ಮೇಡಂ, ಆದ್ರೆ ಊಟದ ಟೈಮಲ್ಲಿ ಸೋತು ಫೋನ್ ಕೊಟ್ಟುಬಿಡ್ತೀನಿ ಅಂದ. ಇನ್ನು ಪಕ್ಕದ್ಮನೆ ಆಂಟಿ, ದಿನವಿಡೀ ಮೊಮ್ಮಗನ್ನ ನೋಡ್ಕೊಳ್ಳೋರು, "ನಂಗೆ ಮಂಡಿನೋವು, ಅವನ ಹಿಂದೆ ಓಡಕ್ಕಾಗಲ್ಲಮ್ಮ, ಒಂದು ಗಂಟೆ ಟಿವಿ ಹಾಕಿದ್ರೆ ಅಷ್ಟು ದೊಡ್ಡ ತಪ್ಪಾ" ಅಂತ ಕೇಳಿದ್ರು.

ನಾನು ಡಾಕ್ಟರಲ್ಲ. ನಾಲ್ಕು ವರ್ಷದ ಮಗ, ಒಂದೂವರೆ ವರ್ಷದ ಮಗಳು, ಮನೇಲಿ ಅತ್ತೆ, ಅತ್ತೆಗೆ ಸಂಜೆ ಸೀರಿಯಲ್ಲು, ನಂಗೂ ಗಂಡನಿಗೂ ಕೆಲಸ, ಅಂಥ ಮನೆಯವಳು. ಕೆಳಗೆ ಬರೋ ಎಲ್ಲಾನೂ ಒಂದಲ್ಲ ಒಂದು ಟೈಮಲ್ಲಿ ನಮ್ಮನೇಲಿ ಟ್ರೈ ಮಾಡಿದೀವಿ, ಸುಮಾರಷ್ಟರಲ್ಲಿ ಕೈ ಸುಟ್ಕೊಂಡಿದೀವಿ. ಮೂವರಿಗೂ ಬೇರೆ ಬೇರೆ ಉತ್ತರ ಕೊಡ್ಬೇಕಾಯ್ತು, ಅದಕ್ಕೇ ಎಲ್ಲಾ ಸೇರಿಸಿ ಒಂದು ಕಡೆ ಬರೀತಿದೀನಿ.

ಮೊದಲು ವಯಸ್ಸಿನ ವಿಷ್ಯ, ಯಾಕಂದ್ರೆ ಅದರಲ್ಲೇ ಅರ್ಧ ಗೊಂದಲ ಬಗೆಹರಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಂತ ಹೇಳಿದ್ದು ಇಷ್ಟು: ಎರಡು ತುಂಬೋವರೆಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು. ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅವರದ್ದೂ ಹೆಚ್ಚುಕಮ್ಮಿ ಅದೇ. ಎರಡರ ಒಳಗೆ ಏನೂ ಬೇಡ, ಅಪರೂಪಕ್ಕೆ ನೆಂಟರ ಜೊತೆ ವಿಡಿಯೋ ಕಾಲ್ ಪರವಾಗಿಲ್ಲ, ಐದರವರೆಗೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆ ಒಳಗೆ. ಹಾಗಾಗಿ ನಿಮ್ಮ ಮಗುಗೆ ಇನ್ನೂ ಎರಡು ಆಗಿಲ್ಲ ಅಂದ್ರೆ ಟ್ಯಾಬಾ ಟಿವಿನಾ ಅನ್ನೋ ಪ್ರಶ್ನೆನೇ ಇಲ್ಲ, ಸೀದಾ ಕೆಳಗೆ ಪುಸ್ತಕ, ಸ್ಪೀಕರ್ ಬರೋ ಜಾಗಕ್ಕೆ ಹೋಗಿ. ಅಷ್ಟು ಚಿಕ್ಕ ಮಕ್ಕಳು ವಿಡಿಯೋ ನೋಡಿ ಕಲಿಯೋದು ತೀರಾ ಕಮ್ಮಿ, ಅದೇ ಮಾತನ್ನ ಎದುರಿಗೆ ಕೂತು ಅಜ್ಜಿ ಹೇಳಿದ್ರೆ ಬೇಗ ಹಿಡ್ಕೋತಾರೆ. ವಿಡಿಯೋ ಕಾಲ್‌ಗೆ ವಿನಾಯ್ತಿ ಕೊಟ್ಟಿರೋದಕ್ಕೂ ಇದೇ ಕಾರಣ, ಆ ಕಡೆ ತಾತ "ಏನ್ ಪುಟ್ಟಾ" ಅಂದ್ರೆ ಈ ಕಡೆ ಮಗು ನಗುತ್ತೆ, ಅದಕ್ಕೆ ತಾತ ಮತ್ತೆ ಏನೋ ಅಂತಾರೆ. ಕಾರ್ಟೂನು ಹಂಗೆ ನಿಮ್ಮ ಮಗು ನಕ್ಕಿದ್ದಕ್ಕೆ ಕಾಯಲ್ಲ, ಅದರ ಪಾಡಿಗೆ ಅದು ಓಡ್ತಿರುತ್ತೆ.

ಎರಡು ದಾಟಿದ ಮಕ್ಕಳಿಗೆ ಯಾವ ಸ್ಕ್ರೀನ್ ಅಂತ ನೋಡುವಾಗ ನಾನು ನಿಮಿಷ ಎಣಿಸೋದಕ್ಕಿಂತ ಮೊದಲು ಕೆಲವು ಪ್ರಶ್ನೆ ಹಾಕ್ಕೋತೀನಿ. ಅದು ತಾನಾಗಿ ಮುಗಿಯುತ್ತಾ, ಇಲ್ಲ ನಾವು ಕಿತ್ಕೋಬೇಕಾ? ಯಾರ ಕೈಲಿರುತ್ತೆ? ಕಣ್ಣಿಂದ ಎಷ್ಟು ದೂರ? ನೋಡುವಾಗ ಪಕ್ಕದಲ್ಲಿ ಇನ್ನೊಬ್ಬರು ಕೂತು ಮಾತಾಡೋ ಹಂಗಿದ್ಯಾ? ಖರ್ಚೆಷ್ಟು? ಕೊನೇದಾಗಿ, ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ನಮಗೆ ಎಷ್ಟು ಹೊತ್ತು ಬಿಡುವು ಸಿಗುತ್ತೆ? ಕುಕ್ಕರ್ ಇಟ್ಟು, ಚಪಾತಿ ಒತ್ತಿ, ಒಂದು ಕಾಲ್ ಮುಗಿಸೋವಷ್ಟು ಹೊತ್ತು ಬೇಕೇ ಬೇಕು, ಅದನ್ನ ಲೆಕ್ಕಕ್ಕೆ ತಗೊಳ್ದೆ ಮಾಡಿದ ರೂಲ್ಸ್ ಎಲ್ಲಾ ಮೂರನೇ ದಿನಕ್ಕೆ ಮಗುಚಿ ಬೀಳುತ್ತೆ, ನಮ್ಮನೇಲಂತೂ ಬಿದ್ದಿದೆ.

ಇದರಲ್ಲಿ ಮೊದಲನೇ ಪ್ರಶ್ನೆನೇ ನಂಗೆ ಎಲ್ಲಕ್ಕಿಂತ ಮುಖ್ಯ. ಮನೇಲಿ ಗಲಾಟೆ ಆಗೋದು ಮಗು ನೋಡುವಾಗಲ್ಲ, ಆಫ್ ಮಾಡುವಾಗ. 2016ರಲ್ಲಿ ಅಮೆರಿಕದ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನವರು ಒಂದರಿಂದ ಐದು ವರ್ಷದ ಮಕ್ಕಳಿರೋ ಮನೆಗಳಲ್ಲಿ ಇದನ್ನೇ ನೋಡಿದ್ರು. ನಾವೆಲ್ಲ ಹೇಳ್ತೀವಲ್ಲ, "ಇನ್ನು ಎರಡೇ ನಿಮಿಷ ಆಯ್ತಾ ಚಿನ್ನಾ" ಅಂತ, ಹಂಗೆ ಮುಂಚೆ ಹೇಳಿದ್ರೆ ಅಳು ಜಾಸ್ತಿನೇ ಆಗ್ತಿತ್ತಂತೆ. ಎಪಿಸೋಡ್ ಮುಗಿದಾಗ ನಿಲ್ಲಿಸಿದ್ರೆ, ದಿನಾ ಅದೇ ಟೈಮಿಗೆ ನಿಲ್ಲೋ ಅಭ್ಯಾಸ ಇದ್ರೆ, ಇಲ್ಲಾ ಮೆಶಿನ್ನೇ ತಾನಾಗಿ ನಿಂತ್ರೆ ಮಕ್ಕಳು ಸಲೀಸಾಗಿ ಎದ್ದು ಹೋಗ್ತಿದ್ರಂತೆ. ಇದನ್ನ ಓದಿದಾಗ ನಂಗೆ ನೆನಪಾಗಿದ್ದು ಕರೆಂಟು. ಕರೆಂಟ್ ಹೋದಾಗ ನನ್ನ ಮಗ ಒಂದು ದಿನಾನೂ ಅತ್ತಿಲ್ಲ! ನಾನು ಆಫ್ ಮಾಡಿದ್ರೆ ನೆಲಕ್ಕೆ ಬಿದ್ದು ಹೊರಳಾಡೋನು, ಕರೆಂಟ್ ಹೋದ್ರೆ "ಹೋಯ್ತು" ಅಂದು ಕಾರ್ ಆಡಕ್ಕೆ ಹೋಗ್ತಾನೆ, ಕರೆಂಟ್ ಮೇಲೆ ಯಾರಿಗೆ ಸಿಟ್ಟು ಬರುತ್ತೆ ಹೇಳಿ.

ಈಗ ಒಂದೊಂದಾಗಿ ನೋಡೋಣ.

ಅಮ್ಮನ ಫೋನಲ್ಲಿ ಮಾಮೂಲಿ ಯೂಟ್ಯೂಬ್. ಖರ್ಚು ಸೊನ್ನೆ, ಹೊಸದಾಗಿ ಏನೂ ತರ್ಬೇಕಿಲ್ಲ, ಬಸ್ಸಲ್ಲಿ, ಆಸ್ಪತ್ರೆ ಕ್ಯೂನಲ್ಲಿ, ಮದುವೆಮನೇಲಿ ಎಲ್ಲಾ ಕಡೆ ಕೈಗೆ ಸಿಗುತ್ತೆ. ಬೇರೆ ಎಲ್ಲಾದ್ರಲ್ಲೂ ಇದು ಸೋಲುತ್ತೆ. ಒಂದು ಮುಗೀತಿದ್ದ ಹಾಗೆ ಇನ್ನೊಂದು ಶುರು, ಕನ್ನಡ ಶಿಶುಗೀತೆ ಹಾಕಿ ಕೊಟ್ಟಿರ್ತೀರಿ, ಹತ್ತು ನಿಮಿಷ ಬಿಟ್ಟು ನೋಡಿದ್ರೆ ಯಾವುದೋ ಭಾಷೇಲಿ ಯಾರೋ ಆಟದ ಸಾಮಾನಿನ ಡಬ್ಬ ಬಿಚ್ತಿರ್ತಾರೆ. ಮುಖಕ್ಕೆ ಒಂದು ಗೇಣು ದೂರ. ಮಧ್ಯ ಮಧ್ಯ ನಿಮ್ಮ ಆಫೀಸ್ ಕಾಲ್, ಬ್ಯಾಂಕ್ ಮೆಸೇಜು. ನನ್ನ ಮಗ ಒಂದು ಸಲ ನಮ್ಮ ಮ್ಯಾನೇಜರ್‌ಗೆ ಹನ್ನೊಂದು ಸ್ಟಿಕರ್ ಕಳಿಸಿದ್ದ, ಅವರು ಪಾಪ ಗುಡ್ ಮಾರ್ನಿಂಗ್ ಅಂತ ರಿಪ್ಲೈ ಮಾಡಿದ್ರು.

ಇದನ್ನೇ ಇಟ್ಕೊಳ್ಳೋದು ಅನಿವಾರ್ಯ ಅಂದ್ರೆ, ಸುಮಾರು ಮನೆಗಳಲ್ಲಿ ಇರೋದೇ ಒಂದು ಫೋನು, ಮೂರು ಕೆಲಸ ಮಾಡಿ. ಮುಂದಿನ ವಿಡಿಯೋನ ತಾನಾಗೇ ಶುರು ಮಾಡೋ ಆಟೋಪ್ಲೇ ಆಫ್ ಮಾಡಿ. ಬೇಕಾದ ನಾಲ್ಕು ವಿಡಿಯೋ ಮುಂಚೆನೇ ಡೌನ್‌ಲೋಡ್ ಮಾಡ್ಕೊಂಡು ನೆಟ್ ಆಫ್ ಮಾಡಿ ಕೊಡಿ, ಆಗ ನಾಲ್ಕು ಮುಗಿದ್ರೆ ಮುಗೀತು. ಆಮೇಲೆ ಆಂಡ್ರಾಯ್ಡ್ ಸೆಟ್ಟಿಂಗ್ಸಲ್ಲಿ ಆಪ್ ಪಿನ್ನಿಂಗ್ ಅಂತ ಇರುತ್ತೆ, ಆನ್ ಮಾಡಿ, ಆಚೆ ಬರಕ್ಕೆ ಪಿನ್ ನಂಬರ್ ಕೇಳೋ ಹಂಗೆ ಇಟ್ರೆ ಮಗು ಆ ಆಪ್ ಬಿಟ್ಟು ಆಚೆ ಬರಕ್ಕಾಗಲ್ಲ. ಐಫೋನಲ್ಲಿ ಇದಕ್ಕೆ ಗೈಡೆಡ್ ಆಕ್ಸೆಸ್ ಅಂತಾರೆ. ಇಷ್ಟು ಮಾಡಿದ್ರೆ ಮ್ಯಾನೇಜರ್ ಬಚಾವ್.

ಮಕ್ಕಳಿಗೇ ಅಂತ ಇರೋ ಯೂಟ್ಯೂಬ್ ಕಿಡ್ಸ್ ಆಪ್ ಹಾಕಿದ್ರೆ ಸಾಕಲ್ವಾ ಅಂತ ಎಲ್ಲರೂ ಕೇಳ್ತಾರೆ. ಮಾಮೂಲಿದಕ್ಕಿಂತ ಖಂಡಿತ ವಾಸಿ, ದುಡ್ಡೂ ಕೊಡಬೇಕಿಲ್ಲ. ನಾಲ್ಕರವರೆಗಿನವರಿಗೆ, ಐದರಿಂದ ಎಂಟಕ್ಕೆ, ಒಂಬತ್ತರಿಂದ ಹನ್ನೆರಡಕ್ಕೆ ಅಂತ ಬೇರೆ ಬೇರೆ ಸೆಟ್ಟಿಂಗ್ ಇದೆ, ಸರ್ಚ್ ಆಫ್ ಮಾಡಬಹುದು, ಟೈಮರ್ ಇದೆ. ಆದ್ರೆ ಹಾಕಿ ಹಂಗೇ ಬಿಟ್ರೆ ಏನು ತೋರಿಸ್ಬೇಕು ಅಂತ ಕಂಪ್ಯೂಟರ್ರೇ ಆರಿಸೋದು, ಕಿರುಚಾಟದ್ದು, ಪಟಪಟ ಚಿತ್ರ ಬದಲಾಗೋದು ಅದರಲ್ಲೂ ಬರುತ್ತೆ. ಇದರ ನಿಜವಾದ ಉಪಯೋಗ ಇರೋದು ನೀವು ಒಪ್ಪಿದ ವಿಡಿಯೋ, ಚಾನೆಲ್ ಮಾತ್ರ ಕಾಣೋ ಹಂಗೆ ಮಾಡೋ ಸೆಟ್ಟಿಂಗಲ್ಲಿ. ಒಂದು ಭಾನುವಾರ ಅರ್ಧ ಗಂಟೆ ಕೂತು ಹತ್ತು ಹದಿನೈದು ಆರಿಸಿ ಇಟ್ರೆ ತಿಂಗಳುಗಟ್ಲೆ ಯೋಚ್ನೆ ಇಲ್ಲ, ಮಕ್ಕಳಿಗೆ ನೋಡಿದ್ದನ್ನೇ ನೋಡಕ್ಕೆ ಬೇಜಾರಿಲ್ಲ, ಬೇಜಾರು ಆಗೋದು ನಮಗೆ. ಟೈಮರ್ ಮುಗಿದಾಗ ಆಪ್ಪೇ ನಿಂತುಹೋಗುತ್ತೆ, ಅಂದ್ರೆ ಕರೆಂಟ್ ಹೋದಂಗೆ, ಬೈಗುಳ ಆಪಿಗೆ.

ಇನ್ನು ಟ್ಯಾಬ್. ಅಕ್ಕನ ಪ್ರಶ್ನೆ. ಸಾಧಾರಣದ್ದು ಹತ್ತರಿಂದ ಹದಿನೈದು ಸಾವಿರ ಆಗುತ್ತೆ. ಲಾಭ ಏನಪ್ಪಾ ಅಂದ್ರೆ ನಿಮ್ಮ ಫೋನ್ ನಿಮಗೆ ವಾಪಸ್ ಸಿಗುತ್ತೆ, ಸ್ಕ್ರೀನ್ ಸ್ವಲ್ಪ ದೊಡ್ಡದು, ಸ್ಟ್ಯಾಂಡ್‌ಗೆ ಹಾಕಿ ಒಂದು ಮೊಳ ದೂರ ಇಡಬಹುದು, ಮಗು ಹೆಸರಲ್ಲೇ ಅಕೌಂಟ್ ಮಾಡಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದ್ರೆ ದಿನಕ್ಕೆ ಇಷ್ಟೇ, ರಾತ್ರಿ ಇಷ್ಟೊತ್ತಿಗೆ ಬಂದ್, ನನ್ನ ಕೇಳದೆ ಯಾವ ಆಪೂ ಇಲ್ಲ ಅಂತ ಪೂರ್ತಿ ಕಟ್ಟಿಹಾಕಬಹುದು. (ತುಂಬಾ ಜನ ಈ ಫ್ಯಾಮಿಲಿ ಲಿಂಕನ್ನ ತಮ್ಮ ಫೋನಿಗೇ ಹಾಕ್ಕೊಂಡು, ಅದೇ ಫೋನನ್ನ ಮಗು ಕೈಗೆ ಕೊಟ್ಟು, ಏನೂ ಕೆಲಸ ಮಾಡ್ತಿಲ್ಲ ಅಂತಾರೆ. ಅದು ಮಗುವಿನ ಅಕೌಂಟ್ ಇರೋ ಮೆಶಿನ್‌ಗೆ ಲಾಕ್ ಹಾಕೋದು, ನಿಮ್ಮ ಅಕೌಂಟಿಗಲ್ಲ.)

ನಷ್ಟ ಬೇರೆ ಥರದ್ದು, ದುಡ್ಡಲ್ಲಿ ಕಾಣಲ್ಲ. ಫೋನು ಅಮ್ಮಂದು, ಅಮ್ಮ ಹೊರಗೆ ಹೋದ್ರೆ ಅದೂ ಹೋಗುತ್ತೆ. ಟ್ಯಾಬ್ "ನಂದು". ಮೂರು ವರ್ಷದ ಮಗು ಬಾಯಲ್ಲಿ ನಂದು ಅನ್ನೋ ಮಾತು ಒಂದು ಸಲ ಬಂತು ಅಂದ್ರೆ ಮುಗೀತು, ಆಮೇಲೆ ಪ್ರತಿ ಸಲ ತಗೊಳ್ಳೋದೂ ಕಿತ್ಕೊಂಡಂಗೇ. ಅದಕ್ಕೇ ಐದರ ಒಳಗಿನ ಮಗುಗೆ ಟ್ಯಾಬ್ ತಗೊಳ್ಳಿ ಅಂತ ನಾನು ಸುಲಭವಾಗಿ ಹೇಳಲ್ಲ. ಆದ್ರೆ ಮನೇಲಿ ಟಿವಿ ಇಲ್ಲ, ತಿಂಗಳಿಗೆ ಎರಡು ಸಲ ಊರಿಗೆ ಏಳೆಂಟು ಗಂಟೆ ಪ್ರಯಾಣ ಇದೆ, ಇಲ್ಲಾ ಪರದೇಶದಲ್ಲಿದೀರಿ, ಅಜ್ಜಿ ತಾತನ ಜೊತೆ ದಿನಾ ವಿಡಿಯೋ ಕಾಲ್ ಆಗ್ಬೇಕು ಅಂದ್ರೆ ಟ್ಯಾಬ್‌ಗೆ ಅರ್ಥ ಇದೆ. ಆಗಲೂ ಅದನ್ನ "ಮನೆ ಟ್ಯಾಬ್" ಅನ್ನಿ, ಬೀರುವಲ್ಲಿಡಿ, ಅದರ ಮೇಲೆ ಮಗು ಹೆಸರಿನ ಸ್ಟಿಕರ್ ಅಂಟಿಸಕ್ಕೆ ಹೋಗ್ಬೇಡಿ.

ಟಿವಿ. ಇದನ್ನ ಓದಿ ಕೆಲವರಿಗೆ ಸಿಟ್ಟು ಬರಬಹುದು, ಆದ್ರೆ ಎರಡರಿಂದ ಐದು ವರ್ಷದವರಿಗೆ ಯಾವುದಾದ್ರೂ ಒಂದು ಸ್ಕ್ರೀನ್ ಇರ್ಲೇಬೇಕು ಅಂದ್ರೆ ನನ್ನ ಓಟು ಟಿವಿಗೆ. ನಾವು ಚಿಕ್ಕೋರಿದ್ದಾಗ ಮೂರ್ಖರ ಪೆಟ್ಟಿಗೆ ಅಂತ ಬೈಸ್ಕೋತಿದ್ದ ಅದೇ ಟಿವಿ ಈಗ ಫೋನ್ ಪಕ್ಕ ನಿಲ್ಲಿಸಿದ್ರೆ ಸಾಧು ಥರ ಕಾಣುತ್ತೆ. ಗೋಡೆ ಮೇಲಿರುತ್ತೆ, ಎತ್ಕೊಂಡು ಹಾಸಿಗೆಗೆ ಓಡಕ್ಕಾಗಲ್ಲ. ಐದಾರು ಅಡಿ ದೂರ ಕೂರಿಸಬಹುದು. ರಿಮೋಟ್ ಶೋಕೇಸ್ ಮೇಲಿಟ್ರೆ ಆಯ್ತು. ಮುಖ್ಯವಾಗಿ ಅಡುಗೆಮನೆಯಿಂದಾನೇ ಏನು ನಡೀತಿದೆ ಅಂತ ಕೇಳಿಸುತ್ತೆ, ಒಗ್ಗರಣೆ ಹಾಕ್ತಾನೇ "ಆ ಮೊಲ ಎಲ್ಲೋಯ್ತು ಪುಟ್ಟಾ" ಅಂತ ಕೂಗಿ ಕೇಳಬಹುದು, ಫೋನಲ್ಲಿ ಅದು ಆಗಲ್ಲ, ಮಗು ಏನು ನೋಡ್ತಿದೆ ಅಂತ ಬಗ್ಗಿ ನೋಡಿದ್ರೂ ಗೊತ್ತಾಗಲ್ಲ.

ಇದರಲ್ಲೂ ಎರಡು ದಾರಿ. ಕೇಬಲ್ ಅಥವಾ ಡಿಶ್ ಇದ್ರೆ ಚಿಂಟು ಟಿವಿ ಥರ ಕನ್ನಡದಲ್ಲೇ ಬರೋ ಮಕ್ಕಳ ಚಾನೆಲ್ ಇದೆ, ಕಾರ್ಯಕ್ರಮಕ್ಕೆ ಒಂದು ಟೈಮು ಅಂತಿರುತ್ತೆ, ಆದ್ರೆ ಜಾಹೀರಾತು ಬರುತ್ತೆ, ಚಾಕಲೇಟ್ ಜಾಹೀರಾತು ಮುಗಿದ ಮೇಲೆ ಏನಾಗುತ್ತೆ ನಿಮಗೇ ಗೊತ್ತು. ಇನ್ನೊಂದು ದಾರಿ ಪೆನ್‌ಡ್ರೈವ್, ಇದು ನಂಗೆ ಎಲ್ಲಕ್ಕಿಂತ ಇಷ್ಟ. ಸ್ಮಾರ್ಟ್ ಟಿವಿನೇ ಆಗ್ಬೇಕಿಲ್ಲ, ಹಿಂದೆ ಪೆನ್‌ಡ್ರೈವ್ ಹಾಕೋ ತೂತಿರೋ ಟಿವಿ ಸಾಕು. ನಮ್ಮ ಮದುವೆ ವಿಡಿಯೋ, ಮಗನ ನಾಮಕರಣದ್ದು, ಊರಲ್ಲಿ ಕರು ಹಾಲು ಕುಡಿಯೋದನ್ನ ನಾನೇ ತೆಗೆದಿದ್ದು, ಡೌನ್‌ಲೋಡ್ ಮಾಡ್ಕೊಳ್ಳಕ್ಕೆ ಪರ್ಮಿಷನ್ ಇರೋ ಒಂದೆರಡು ಕಥೆ ವಿಡಿಯೋ, ಎಲ್ಲಾ ಸೇರಿ ಮೂವತ್ತೈದು ನಿಮಿಷ. ರಿಪೀಟ್ ಆಫ್ ಮಾಡಿದ್ರೆ ಕೊನೇದು ಮುಗಿದ ಮೇಲೆ ಬರೀ ಫೈಲ್‌ಗಳ ಪಟ್ಟಿ ಕಾಣುತ್ತೆ, ಅದನ್ನ ನೋಡಿ ಇವನೇ "ಖಾಲಿ ಆಯ್ತು" ಅಂತಾನೆ. ಖರ್ಚು ಪೆನ್‌ಡ್ರೈವಿಂದು, ನಾನೂರು ಐನೂರು ರೂಪಾಯಿ.

ಟಿವಿಯ ದೊಡ್ಡ ದೋಷ ಅದು ಸುಮ್ನೆ ಉರೀತಿರೋದು. ಯಾರೂ ನೋಡ್ದೇ ಇದ್ರೂ ಬೆಳಗಿಂದ ರಾತ್ರಿವರೆಗೆ ಹಾಕಿಟ್ಟಿರ್ತೀವಿ. ಹಂಗೆ ಟಿವಿ ಓಡ್ತಿದ್ರೆ ದೊಡ್ಡೋರು ಮಗು ಜೊತೆ ಆಡೋ ಮಾತೇ ಕಮ್ಮಿ ಆಗುತ್ತೆ, ಮಗುವಿನ ಆಟವೂ ಮಧ್ಯ ಮಧ್ಯ ತುಂಡಾಗುತ್ತೆ. ನಮ್ಮ ಅತ್ತೆ ಸೀರಿಯಲ್ ನೋಡುವಾಗ ಮಗಳು ಅಲ್ಲೇ ಬ್ಲಾಕ್ಸ್ ಆಡ್ತಿದ್ಲು, ನೋಡ್ತಿಲ್ವಲ್ಲ ಬಿಡು ಅನ್ಕೊಂಡಿದ್ದೆ. ಒಂದು ದಿನ ಗಮನಿಸಿದೆ, ಧಡಾರ್ ಅಂತ ಮ್ಯೂಸಿಕ್ ಬಂದಾಗೆಲ್ಲಾ ಕೈಲಿದ್ದ ಬ್ಲಾಕ್ ಬಿಟ್ಟು ತಲೆ ಎತ್ತೋಳು, ಮತ್ತೆ ಏನು ಕಟ್ತಿದ್ದೆ ಅನ್ನೋದೇ ಮರ್ತುಹೋಗೋದು. ಅತ್ತೆಗೆ ನೇರವಾಗಿ ಹೇಳಕ್ಕಾಗುತ್ತಾ. ಆ ಒಂದು ಗಂಟೆ ಗಂಡ ಮಕ್ಕಳಿಬ್ಬರನ್ನೂ ಪಾರ್ಕಿಗೆ ಕರ್ಕೊಂಡು ಹೋಗೋದು ಅಂತ ಮಾಡಿದ್ವಿ, ಅತ್ತೆಗೂ ನೆಮ್ಮದಿ. ಬಯಲಲ್ಲಿ ಆಡೋದು ಕಣ್ಣಿಗೂ ಒಳ್ಳೇದೇ, ದಿನಕ್ಕೆ ಎರಡು ಗಂಟೆಯಷ್ಟು ಹೊರಗೆ ಬೆಳಕಲ್ಲಿರೋ ಮಕ್ಕಳಿಗೆ ಮೈನಸ್ ಪವರ್ ಕನ್ನಡಕ ಬರೋ ಸಾಧ್ಯತೆ ಕಮ್ಮಿ ಅಂತ ಕಣ್ಣಿನ ಡಾಕ್ಟರ್‌ಗಳೇ ಹೇಳ್ತಾರೆ.

ಸ್ಕ್ರೀನೇ ಇಲ್ಲದ ಆಯ್ಕೆಗಳಲ್ಲಿ ನಾವು ಮರ್ತಿರೋದು ಕಿವಿನ. ಬ್ಲೂಟೂತ್ ಸ್ಪೀಕರ್ ಒಂದು ಸಾವಿರದ ಆಸುಪಾಸಿಗೆ ಸಿಗುತ್ತೆ, ಇಲ್ಲಾ ಮನೇಲಿರೋ ರೇಡಿಯೋನೇ ಸಾಕು. ನಮ್ಮಮ್ಮನ ಹತ್ರ ಫೋನಲ್ಲಿ ಕಥೆ ಹೇಳಿಸಿ ರೆಕಾರ್ಡ್ ಮಾಡ್ಕೊಂಡೆ, ಕಾಗಕ್ಕ ಗುಬ್ಬಕ್ಕಂದು, ಪುಣ್ಯಕೋಟಿದು, ಮಧ್ಯದಲ್ಲಿ ಅಮ್ಮ ಕೆಮ್ಮೋದು, ಹಾಲಿನವನಿಗೆ "ಎರಡು ಪ್ಯಾಕೆಟ್" ಅನ್ನೋದೂ ಅದರಲ್ಲಿದೆ. ಮಗ ಈಗ ಕಥೆ ಹೇಳುವಾಗ ಕರೆಕ್ಟಾಗಿ ಅದೇ ಜಾಗದಲ್ಲಿ ಎರಡು ಪ್ಯಾಕೆಟ್ ಅಂತಾನೆ. ಕಣ್ಣಿಗೆ ಶ್ರಮ ಇಲ್ಲ, ಕೇಳ್ತಾ ಆಡ್ಕೊಂಡಿರ್ತಾನೆ, ನಂಗೆ ಇಪ್ಪತ್ತು ನಿಮಿಷ ಸಿಗುತ್ತೆ. ಮಿತಿನೂ ಹೇಳ್ತೀನಿ, ಆಗ್ಲೇ ವಿಡಿಯೋ ರುಚಿ ಹತ್ತಿರೋ ಮಗು ಮೊದಲ ವಾರ ಸ್ಪೀಕರ್ ಕಡೆ ತಿರುಗಿಯೂ ನೋಡಲ್ಲ. ಜ್ವರ ಬಂದಾಗ, ತುಂಬಾ ಹಠ ಇದ್ದಾಗ ಇದು ನಡೆಯಲ್ಲ.

ಪುಸ್ತಕಕ್ಕೆ ದೊಡ್ಡ ಖರ್ಚಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ವೆಬ್‌ಸೈಟ್ ಇದೆ, 2015ರಿಂದ ನಡೀತಿದೆ, ಕನ್ನಡದ ಚಿತ್ರಕಥೆಗಳು ಪುಕ್ಕಟೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸ್ಕೊಳ್ಳಕ್ಕೂ ಅನುಮತಿ ಇದೆ. ನಾನು ಜೆರಾಕ್ಸ್ ಅಂಗಡೀಲಿ ಬ್ಲಾಕ್ ಅಂಡ್ ವೈಟಲ್ಲಿ ಹಾಕಿಸಿ ಕೊಡ್ತೀನಿ, ಬಣ್ಣ ಮಗನೇ ತುಂಬ್ತಾನೆ. ಹೊರದೇಶದಲ್ಲಿರೋ ಕನ್ನಡದವರಿಗಂತೂ ಇದು ವರ, ಅಲ್ಲಿ ಕನ್ನಡ ಮಕ್ಕಳ ಪುಸ್ತಕ ಎಲ್ಲಿಂದ ತರ್ತಾರೆ. ಹಳ್ಳಿ ಕಡೆ ಆರು ದಾಟಿದ ಅಣ್ಣನೋ ಅಕ್ಕನೋ ಇದ್ರೆ ಗ್ರಾಮ ಪಂಚಾಯ್ತಿ ಲೈಬ್ರರೀಲಿ ವಿಚಾರಿಸಿ, ಓದುವ ಬೆಳಕು ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದ್ರು, ದೊಡ್ಡೋರು ತಂದಿದ್ದನ್ನ ಚಿಕ್ಕೋರಿಗೂ ಓದಿ ಹೇಳಬಹುದು. ಪುಸ್ತಕದ ಕಷ್ಟ ಒಂದೇ, ಪಕ್ಕದಲ್ಲಿ ನಾವು ಕೂರ್ಬೇಕು, ನಮಗೆ ಬಿಡುವು ಸಿಗಲ್ಲ. ಹಾಗಾಗಿ ಇದು ಚಪಾತಿ ಟೈಮಿಗೆ ಆಗಲ್ಲ, ಮಲಗೋ ಟೈಮಿಗೆ ಸರಿ.

ಮಲಗೋದಕ್ಕೆ ಒಂದು ಗಂಟೆ ಮುಂಚೆ ಮತ್ತೆ ಊಟದ ಟೈಮಲ್ಲಿ ಯಾವ ಸ್ಕ್ರೀನೂ ಬೇಡ, ಇದಕ್ಕೆ ನಮ್ಮನೇಲಿ ಚರ್ಚೆ ಇಲ್ಲ. ಫೋನ್ ನೋಡ್ತಾ ತಿನ್ನೋ ಮಗುಗೆ ಹೊಟ್ಟೆ ತುಂಬಿದ್ದೂ ಗೊತ್ತಾಗಲ್ಲ, ಸಾರು ಹುಳಿ ಇದ್ಯಾ ಖಾರ ಇದ್ಯಾ ಅದೂ ಗೊತ್ತಾಗಲ್ಲ, ಸುಮ್ನೆ ಬಾಯಿ ತೆಗೀತಿರುತ್ತೆ. ಬಿಡಿಸುವಾಗ ಒಂದು ವಾರ ಮಗು ಕಮ್ಮಿ ತಿನ್ನುತ್ತೆ, ಅಜ್ಜಿಯರು ಮಗು ಸೊರಗೋಯ್ತು ಅಂತಾರೆ, ತಡ್ಕೋಬೇಕು. ಆಫೀಸ್ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ, ಕೇಬಲ್ ತೆಗೆಸಿದ್ದು ಸರಿನೇ ಇರಬಹುದು ಆದ್ರೆ ಅದರ ಬದಲು ಅದಕ್ಕಿಂತ ಕೆಟ್ಟದ್ದನ್ನ ಊಟಕ್ಕೆ ತಂದಿಟ್ಕೊಂಡಿದೀಯ, ಬೇಕಿದ್ರೆ ಸಂಜೆ ಅರ್ಧ ಗಂಟೆ ಟಿವಿ ಇಟ್ಕೋ, ಊಟಕ್ಕೆ ಮಾತ್ರ ನೆಲದ ಮೇಲೆ ಕೂರಿಸಿ ಅವನ ಕೈಗೇ ತಟ್ಟೆ ಕೊಡು, ಚೆಲ್ಲಿದ್ರೆ ಚೆಲ್ಲಲಿ.

ಒಂದು ವಿಷ್ಯ ಹೇಳ್ಲೇಬೇಕು. ಒಂದೂವರೆ ಎರಡು ವರ್ಷ ಆದ್ರೂ ಮಾತು ಬರ್ತಿಲ್ಲ, ಹೆಸರು ಹಿಡಿದು ಕರೆದ್ರೆ ತಿರುಗಲ್ಲ ಅಂದ್ರೆ "ಫೋನ್ ಜಾಸ್ತಿ ಆಯ್ತು, ಬಿಡಿಸಿದ್ರೆ ಸರಿ ಹೋಗುತ್ತೆ" ಅಂತ ಕಾಯಬೇಡಿ. ಫೋನೂ ನಿಲ್ಲಿಸಿ, ಡಾಕ್ಟರ್‌ಗೂ ತೋರಿಸಿ. ಮೈಸೂರಲ್ಲಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದೇ ಇಂಥದ್ದಕ್ಕೆ, ರಾಜ್ಯದ ಎಲ್ಲಾ ಕಡೆಯಿಂದ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಇನ್ನು ದೊಡ್ಡ ಮಕ್ಕಳದ್ದು ಕೈ ಮೀರಿದೆ ಅನ್ನೋರಿಗೆ ಬೆಂಗಳೂರಿನ ನಿಮ್ಹಾನ್ಸಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ನಡೆಸ್ತಿದಾರೆ, ಮೊಬೈಲು ಗೇಮಿನ ಗೀಳಿಗೇ ಅಂತ.

ಸರಿ, ಯಾರಿಗೆ ಯಾವುದು. ಮನೇಲಿ ದೊಡ್ಡೋರೊಬ್ಬರೇ ಮಗು ನೋಡ್ಕೊಳ್ಳೋದು, ಅವರಿಗೆ ಆಪು ಸೆಟ್ಟಿಂಗು ಬರಲ್ಲ ಅಂದ್ರೆ ಟಿವಿ ಪ್ಲಸ್ ಪೆನ್‌ಡ್ರೈವ್. ಇರೋದು ಒಂದೇ ಫೋನು, ಟಿವಿ ಇಲ್ಲ ಅಂದ್ರೆ ಡೌನ್‌ಲೋಡ್ ಮಾಡಿದ ನಾಲ್ಕು ವಿಡಿಯೋ, ನೆಟ್ ಆಫ್, ಫೋನನ್ನ ಡಬ್ಬಕ್ಕೋ ಚೊಂಬಿಗೋ ಒರಗಿಸಿ ದೂರ ಇಡೋದು, ಕೈಗೆ ಕೊಡದೇ ಇರೋದು. ಅಪ್ಪ ಅಮ್ಮ ಇಬ್ರೂ ಮನೆಯಿಂದಾನೇ ಕೆಲಸ ಮಾಡ್ತೀರಿ, ಮೀಟಿಂಗ್ ಟೈಮು ಹೇಳಕ್ಕೆ ಬರಲ್ಲ ಅಂದ್ರೆ ನೀವೇ ಆರಿಸಿಟ್ಟ ಯೂಟ್ಯೂಬ್ ಕಿಡ್ಸ್ ಟಿವಿಯಲ್ಲಿ ಹಾಕಿ, ಟೈಮರ್ ಇದ್ರೆ ಅದನ್ನೂ ಇಡಿ. ನಮ್ಮನೆ ಥರ ದೊಡ್ಡದೊಂದು, ಎರಡರ ಒಳಗಿನದೊಂದು ಇದ್ರೆ ಕಷ್ಟ, ಒಪ್ಕೋತೀನಿ. ಚಿಕ್ಕದು ಮಧ್ಯಾಹ್ನ ಮಲಗಿರೋ ಹೊತ್ತಲ್ಲಿ ದೊಡ್ಡದಕ್ಕೆ ಅದರ ಪಾಲಿಂದು ಕೊಟ್ಟು ಮುಗಿಸ್ತೀವಿ, ಭಾನುವಾರ ಮಾತ್ರ ಈ ಲೆಕ್ಕ ತಪ್ಪುತ್ತೆ.

ಅಕ್ಕ ಟ್ಯಾಬ್ ತಗೊಳ್ಳಲಿಲ್ಲ. ಆ ದುಡ್ಡಲ್ಲಿ ಸ್ಪೀಕರ್ ತಗೊಂಡು ಮಿಕ್ಕಿದ್ದರಲ್ಲಿ ಸೈಕಲ್ ಕೊಡಿಸಿದಾಳೆ, ಫೋನ್ ಹಠ ಅರ್ಧ ಇಳಿದಿದೆ, ಪೂರ್ತಿ ಹೋಗಿಲ್ಲ. ಆಫೀಸ್ ಹುಡುಗ ಊಟದ ಫೋನ್ ನಿಲ್ಲಿಸಿ ಒಂಬತ್ತು ದಿನ ಆಗಿದೆ, ಚೆಲ್ಲಿದ ಅನ್ನದ ಫೋಟೋ ದಿನಾ ಕಳಿಸ್ತಾನೆ. ಪಕ್ಕದ್ಮನೆ ಆಂಟಿಗೆ ಪೆನ್‌ಡ್ರೈವ್ ನಾನೇ ಮಾಡ್ಕೊಟ್ಟೆ, ಮೊಮ್ಮಗ ಮುಗಿದ ತಕ್ಷಣ ಎದ್ದು ಹೋಗ್ತಾನಂತೆ. ಆಂಟಿದೇ ರಾತ್ರಿ ಎಂಟೂವರೆ ಸೀರಿಯಲ್ ವಿಷ್ಯ ಮಾತ್ರ ಇನ್ನೂ ಮಾತುಕತೆ ನಡೀತಿದೆ.